ಗಣಿತಾಭ್ಯಾಸಕ್ಕೆ ಬೇಕಾದ ಉಪಕರಣಗಳು

ಕಳೆದ ವರ್ಷ ನಮ್ಮ ಶಾಲೆಯಲ್ಲಿ ನಡೆದ ಪೋಷಕರ ಸಭೆಯಲ್ಲಿ ರೈತರೊಬ್ಬರು ಎದ್ದು ನಿಂತು, "ಸ್ವಾಮೀ, ನನ್ನ ಮಗಳು ನಿಮ್ಮಲ್ಲಿ ಲೆಕ್ಕವನ್ನು ಕನ್ನಡದಲ್ಲಿ ಕಲಿಯುತ್ತಿದ್ದಾಳೆ. ನಾಳೆ ಕಲ್ಯಾಣದುರ್ಗದಲ್ಲೋ ಅನಂತಪುರದಲ್ಲೋ ಕಾಲೇಜಿಗೆ ಸೇರಿದರೆ ಅಲ್ಲಿ ಈ ಕನ್ನಡದ ಲೆಕ್ಕ ನಡೆಯುತ್ತದೆಯೆ?" ಎಂದು ಕೇಳಿದರು. ನಾವು ಮಾತೃಭಾಷೆಯ ಮಹತ್ತ್ವವನ್ನು ಕುರಿತು ಹತ್ತು ನಿಮಿಷ ಮಾತನಾಡಿದೆವು. ಅವರು ಕೈಮುಗಿದು ಕುಳಿತರು. ಆದರೆ ಅವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಸಭೆ ಮುಗಿದ ಮೇಲೆ ನಮಗೂ ಸಮಾಧಾನವಿರಲಿಲ್ಲ. ಅವರು ಕೇಳಿದ್ದು ಲೆಕ್ಕದ ವಿಷಯ, ನಾವು ಕೊಟ್ಟದ್ದು ಭಾಷಣ. ಗಣಿತವನ್ನು ಕಲಿಯುವುದಕ್ಕೂ, ಕಲಿತದ್ದನ್ನು ಪರೀಕ್ಷೆಯವರೆಗೆ ಮತ್ತು ಅದರಾಚೆಗೆ ಉಳಿಸಿಕೊಳ್ಳುವುದಕ್ಕೂ ಯಾವ ಯಾವ ಸಾಮಗ್ರಿಗಳು ಬೇಕು, ಅವುಗಳಲ್ಲಿ ಎಷ್ಟು ನಮ್ಮ ಊರಿನಲ್ಲಿಯೇ ಇವೆ ಎಂಬುದನ್ನು ಈ ಸಂಚಿಕೆಯಲ್ಲಿ ವಿವರಿಸಲು ಯತ್ನಿಸುತ್ತೇವೆ. ಆ ರೈತ ಮಹಾಶಯರ ಪ್ರಶ್ನೆಗೂ ಇದರೊಳಗೇ ಉತ್ತರವಿದೆಯೆಂದು ನಮ್ಮ ನಂಬಿಕೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುವುದು ಒಳ್ಳೆಯದು. ಕೆಲವು ವರ್ಷಗಳ ಹಿಂದೆ ಸಂಘದವರು ಗಣಿತದ ಉಪಕರಣಗಳಿಗೆಂದು ಉದಾರವಾಗಿ ಹಣ ಕೊಟ್ಟಾಗ ನಾವು ಬಣ್ಣ ಹಚ್ಚಿದ ಮರದ ಶಂಕು, ಗೋಳ, ಘನ, ಸಿಲಿಂಡರು ಮೊದಲಾದವನ್ನು ತರಿಸಿದೆವು. ಕೆಡಬಾರದೆಂದು ಗಾಜಿನ ಬಾಗಿಲಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಶಾಲೆಗೆ ಬಂದ ಹಿರಿಯರೆಲ್ಲರೂ ಅದನ್ನು ಮೆಚ್ಚಿದರು. ಮಕ್ಕಳು ಗಾಜಿನ ಈಚೆಯಿಂದ ನೋಡಿದರು. ಎರಡು ಮಳೆಗಾಲ ಕಳೆಯುವುದರೊಳಗೆ ಗೆದ್ದಲು ಬೀರುವನ್ನು ಹೊಕ್ಕು, ಶಂಕುವಿನ ಒಳಗೆ ಎಷ್ಟು ಸ್ಥಳವಿದೆಯೆಂಬುದನ್ನು ನಮ್ಮ ಮಕ್ಕಳಿಗಿಂತ ಮೊದಲೇ ಕಂಡುಕೊಂಡಿತು. ಬೀಗದೊಳಗಿರುವ ವಸ್ತು ಎಷ್ಟೇ ಸುಂದರವಾಗಿದ್ದರೂ ಅದನ್ನು ಬೋಧನೋಪಕರಣವೆಂದು ಕರೆಯಲಾಗದು ಎಂಬುದು ಅಂದಿನಿಂದ ನಮಗೆ ಮನದಟ್ಟಾಯಿತು. ಆ ಮೇಲೆ ನಾವು ಮಾಡಿದ ಉಪಕರಣಗಳೆಲ್ಲ ಮಕ್ಕಳ ಕೈಗೆ ಸಿಕ್ಕುವಂಥವು, ಕೆಟ್ಟರೆ ಅವರೇ ಸರಿಪಡಿಸಿಕೊಳ್ಳುವಂಥವು.

ಅವುಗಳಲ್ಲಿ ಮೊದಲನೆಯದು ಅಳತೆಯ ಸರಪಳಿ. ಇದನ್ನು ಏಕೆ ಮಾಡಿಸಿದೆವೆಂಬುದಕ್ಕೆ ಒಂದು ಸಣ್ಣ ಕಾರಣವಿದೆ. ನಮ್ಮ ಬ್ರಹ್ಮಸಮುದ್ರದ ಸೀಮೆ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಗೆ ಸೇರಿದ್ದಾದರೂ, ಪಶ್ಚಿಮಕ್ಕೆ ಹೊರಟರೆ ಬೇಗನೆ ಕರ್ನಾಟಕದ ಎಲ್ಲೆ ಸಿಕ್ಕುತ್ತದೆ. ನಮ್ಮ ಅನೇಕ ಮನೆಗಳಿಗೆ ಚಳ್ಳಕೆರೆ, ಪಾವಗಡ ತಾಲ್ಲೂಕುಗಳೊಡನೆ ಕೊಡುಕೊಳ್ಳುವ ಸಂಬಂಧವುಂಟು. ಕೆಲವರಿಗೆ ಎರಡು ಕಡೆಯೂ ಹೊಲವುಂಟು. ಈಚೆ ಭೂಮಿಯನ್ನು ಸೆಂಟಿನಲ್ಲಿ ಹೇಳುತ್ತಾರೆ, ಎಕರೆಗೆ 100 ಸೆಂಟು. ಆಚೆ ಗುಂಟೆಯಲ್ಲಿ ಹೇಳುತ್ತಾರೆ, ಎಕರೆಗೆ 40 ಗುಂಟೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ತನ್ನ ಮನೆಯ ಜಮೀನಿನ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದ. ಆಚೆಯ ಹೊಲ 2.15, ಈಚೆಯ ಹೊಲ 1.60, ಒಟ್ಟು 3.75 ಎಕರೆ. ಕೂಡುವುದರಲ್ಲಿ ತಪ್ಪೇನೂ ಇಲ್ಲ. ತಪ್ಪು ಇರುವುದು ಚುಕ್ಕಿಯಲ್ಲಿ. ಈಚೆಯ 1.60ರಲ್ಲಿ ಚುಕ್ಕಿಯು ದಶಮಾಂಶದ ಚುಕ್ಕಿ. ಆಚೆಯ 2.15ರಲ್ಲಿ ಅದು ಬರಿಯ ಗೆರೆ. 'ಎರಡು ಎಕರೆ ಹದಿನೈದು ಗುಂಟೆ' ಎಂಬ ಮಾತಿನ ಸಂಕ್ಷೇಪ. ಹದಿನೈದು ಗುಂಟೆಯೆಂದರೆ ನಲವತ್ತರಲ್ಲಿ ಹದಿನೈದು, ಅಂದರೆ 0.375 ಎಕರೆ. ಆದುದರಿಂದ ನಿಜವಾದ ಮೊತ್ತ 3.975 ಎಕರೆ. ಹುಡುಗನ ಲೆಕ್ಕದಲ್ಲಿ ಇಪ್ಪತ್ತೆರಡೂವರೆ ಸೆಂಟು, ಎಂದರೆ ಒಂಬತ್ತು ಗುಂಟೆ ಭೂಮಿ ಮಾಯವಾಗಿತ್ತು. ಒಂಬತ್ತು ಗುಂಟೆಯು ಬದಿಗೆ 99 ಅಡಿ ಇರುವ ಒಂದು ಚೌಕವಾಗುತ್ತದೆ. ಅಷ್ಟು ನೆಲದಲ್ಲಿ ಒಂದು ಮನೆ, ಒಂದು ಕಣ, ಒಂದು ಬಣವೆ ನಿಲ್ಲಬಹುದು. ಇದನ್ನು ಕೇಳಿದ ಮೇಲೆ ಆ ತರಗತಿಯಲ್ಲಿ ದಶಮಾಂಶವನ್ನು ಕುರಿತು ಯಾರೂ ಆಕಳಿಸಲಿಲ್ಲ.

ಈ ಎರಡು ಅಳತೆಗಳು ಎಲ್ಲಿಂದ ಬಂದವು? ಈ ಸೀಮೆಯು ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು, 1882ರಲ್ಲಿ ಅನಂತಪುರ ಪ್ರತ್ಯೇಕ ಜಿಲ್ಲೆಯಾಯಿತು; ಎರಡೂ ಮದರಾಸು ಪ್ರಾಂತಕ್ಕೆ ಸೇರಿದ್ದವು. ಮದರಾಸಿನ ಸರ್ವೆಯವರು ಬಳಸಿದ್ದು ಗುಂಟರ್ ಎಂಬ ಇಂಗ್ಲಿಷ್ ಗಣಿತಜ್ಞನು 1620ರಲ್ಲಿ ರೂಪಿಸಿದ ಸರಪಳಿಯನ್ನು. ಉದ್ದ 66 ಅಡಿ, ಕೊಂಡಿಗಳು 100. ಮುಂಬಯಿ ಪ್ರಾಂತ ಮತ್ತು ಮೈಸೂರಿನ ಕಡೆ ನಡೆದದ್ದು ಅದರ ಅರ್ಧ, ಅಂದರೆ 33 ಅಡಿಯ ಸರಪಳಿ, ಅದರಲ್ಲಿ 16 ಭಾಗ. ಮೂವತ್ತಮೂರು ಅಡಿಯ ಚೌಕವೇ ಒಂದು ಗುಂಟೆ, 1,089 ಚದರಡಿ. ಕರ್ನಾಟಕದ ಪಹಣಿಯಲ್ಲಿ ಎಕರೆ, ಗುಂಟೆ ಆದಮೇಲೆ 'ಆಣೆ' ಎಂಬ ಮೂರನೆಯ ಅಂಕಿ ಇಂದಿಗೂ ಇರುವುದನ್ನು ಪೋಷಕರು ಕಂಡಿರಬಹುದು. ಗುಂಟೆಯ ಹದಿನಾರರಲ್ಲಿ ಒಂದು ಪಾಲಿಗೆ ಆಣೆಯೆಂದು ಹೆಸರು. 1957ನೆಯ ಏಪ್ರಿಲ್ 1ರಂದು ನಯೇ ಪೈಸೆ ಬಂದು ರೂಪಾಯಿಯೊಳಗಿನ ಆಣೆ ಹೋಯಿತು. ಹೊಲದೊಳಗಿನ ಆಣೆ ಮಾತ್ರ ಹೋಗಲಿಲ್ಲ.

ಈಗ ಸರಪಳಿಯ ಸೊಗಸನ್ನು ನೋಡಿರಿ. 66 ಅಡಿಯ ಚೌಕವೊಂದನ್ನು ನೆಲದ ಮೇಲೆ ಗುರುತಿಸಿದರೆ ಅದು 4,356 ಚದರಡಿ. ಎಂದರೆ ಸರಿಯಾಗಿ ಹತ್ತು ಸೆಂಟು. ಅದೇ ಚೌಕವನ್ನು ನಡುವೆ ಅಡ್ಡಲಾಗಿಯೂ ಉದ್ದಕ್ಕೂ ಸೀಳಿದರೆ ನಾಲ್ಕು ಚೌಕಗಳಾಗುತ್ತವೆ. ಒಂದೊಂದೂ 33 ಅಡಿಯದು, ಒಂದೊಂದೂ ಒಂದು ಗುಂಟೆ. ಹತ್ತು ಸೆಂಟು ನಾಲ್ಕು ಗುಂಟೆಗೆ ಸಮ; ಒಂದು ಗುಂಟೆ ಎರಡೂವರೆ ಸೆಂಟಿಗೆ ಸಮ. ನಮ್ಮ ಆಟದ ಮೈದಾನದಲ್ಲಿ ಸುಣ್ಣದಿಂದ ಈ ಚೌಕವನ್ನು ಎಳೆದಿದ್ದೇವೆ. ಬದಿಯು ಅರ್ಧವಾದರೆ ವಿಸ್ತೀರ್ಣವು ಅರ್ಧವಾಗದೆ ಕಾಲುಭಾಗವಾಗುತ್ತದೆಂಬ ಮಾತನ್ನು ನಾವು ವರ್ಷಗಟ್ಟಲೆ ಹಲಗೆಯ ಮೇಲೆ ಬರೆದು ಹೇಳಿದ್ದೆವು. ಮಕ್ಕಳು ಅದನ್ನು ನಂಬಿದ್ದು ಆ ಸುಣ್ಣದ ಗೆರೆಯ ಮೇಲೆ ನಡೆದಾಡಿದ ದಿನ. ಸಮರೂಪ ತ್ರಿಭುಜಗಳ ವಿಸ್ತೀರ್ಣದ ಪ್ರಮೇಯಕ್ಕೆ ಬಂದಾಗಲೂ, "ಮೈದಾನದ ಚೌಕವನ್ನು ನೆನೆಯಿರಿ" ಎಂದರೆ ಸಾಕಾಗುತ್ತದೆ.

ಸರಪಳಿಯನ್ನು ನಾವು ಅಂಗಡಿಯಿಂದ ತರಲಿಲ್ಲ. ಮೊದಲು ಬಾವಿಯ ಹಗ್ಗಕ್ಕೆ ಗಂಟು ಹಾಕಿ ನೋಡಿದೆವು. ನೆನೆದಾಗ ಒಂದು ಅಳತೆ, ಒಣಗಿದಾಗ ಇನ್ನೊಂದು. ನೈಲಾನಿನ ಹಗ್ಗ ಜಗ್ಗಿದಷ್ಟೂ ಬೆಳೆಯಿತು. ಕೊನೆಗೆ ಬೇಲಿಗೆ ಬಳಸುವ ತಂತಿಯನ್ನು ತುಂಡುಮಾಡಿ, ಎರಡು ತುದಿಯೂ ಬಗ್ಗಿಸಿ, ಕೊಂಡಿ ಕೊಂಡಿಯಾಗಿ ಜೋಡಿಸಿದೆವು. ಒಂದು ಕೊಂಡಿಗೆ 7.92 ಅಂಗುಲ ಬರಬೇಕು. ಒಂದೊಂದು ಕೊಂಡಿಯಲ್ಲಿ ಕೂದಲೆಳೆಯಷ್ಟು ತಪ್ಪಾದರೂ ನೂರು ಕೊಂಡಿಯಲ್ಲಿ ಅದು ಎಷ್ಟಾಗುತ್ತದೆಂಬುದು ಆಗ ತಾನಾಗಿಯೇ ಪಾಠವಾಯಿತು. ಲಂಬಕೋನ ಹಾಕುವುದನ್ನು ಕಲಿಸಿದವರು ಊರಿನ ಗಾರೆ ಮೇಸ್ತ್ರಿಗಳು. ಮೂರು ಅಡಿ, ನಾಲ್ಕು ಅಡಿ ಗುರುತು ಮಾಡಿ, ಓರೆಯಾಗಿ ಐದು ಅಡಿ ಬರುವವರೆಗೆ ದಾರವನ್ನು ಸರಿಸಿದರೆ ಮೂಲೆಮಟ್ಟವಿಲ್ಲದೆಯೇ ಮೂಲೆ ನೇರವಾಗುತ್ತದೆ. ಪೈಥಾಗೊರಸನ ಹೆಸರನ್ನು ಅವರು ಕೇಳಿರಲಿಲ್ಲ. ಪ್ರಮೇಯವನ್ನು ಬಾಯಿಪಾಠ ಒಪ್ಪಿಸುತ್ತಿದ್ದ ನಮ್ಮ ಹತ್ತನೆಯ ತರಗತಿಯವರಿಗೆ ಅದರಿಂದ ಬುನಾದಿ ಹಾಕಬಹುದೆಂಬುದು ತಿಳಿದಿರಲಿಲ್ಲ. ಎರಡು ಪಕ್ಷದವರಿಗೂ ಅಂದು ಸಂತೋಷವಾಯಿತು.

ಎರಡನೆಯ ಉಪಕರಣವೆಂದರೆ ಸುಗ್ಗಿಯ ಕಣ. ಕಡಲೆಕಾಯಿಯ ರಾಶಿ ಹಾಕಿದಾಗ ಅದು ಸಹಜವಾಗಿ ಶಂಕುವಿನ ಆಕಾರ ತಾಳುತ್ತದೆ. ನಮ್ಮ ಗೆದ್ದಲು ತಿಂದ ಶಂಕುವಿಗಿಂತ ಇದು ಎಷ್ಟೋ ಮೇಲು. 1150ರ ಸುಮಾರಿಗೆ ಭಾಸ್ಕರಾಚಾರ್ಯರು ರಚಿಸಿದ 'ಲೀಲಾವತಿ'ಯಲ್ಲಿ ಧಾನ್ಯದ ರಾಶಿಯನ್ನು ಅಳೆಯುವುದಕ್ಕೆಂದೇ ಒಂದು ಭಾಗವಿದೆ. ರಾಶಿಯ ಸುತ್ತಳತೆಯ ಆರನೆಯ ಒಂದು ಭಾಗವನ್ನು ವರ್ಗಮಾಡಿ ಎತ್ತರದಿಂದ ಗುಣಿಸಿದರೆ ಘನಫಲ ಬರುತ್ತದೆಂಬುದು ಅಲ್ಲಿಯ ಸೂತ್ರ. ಸುತ್ತಳತೆ 9 ಮೀಟರು, ಎತ್ತರ 1 ಮೀಟರು ಇದ್ದರೆ, ಒಂಬತ್ತರ ಆರನೆಯ ಒಂದು ಭಾಗ ಒಂದೂವರೆ. ಅದರ ವರ್ಗ 2.25, ಆದುದರಿಂದ ಘನಫಲ 2.25 ಘನಮೀಟರು. ಕಾಗದವೂ ಬೇಡ. ಇನ್ನು ನಮ್ಮ ಪಠ್ಯಪುಸ್ತಕದ ಸೂತ್ರದಂತೆ, ಎಂದರೆ ಪೈ, ತ್ರಿಜ್ಯದ ವರ್ಗ, ಎತ್ತರ ಇವುಗಳ ಗುಣಲಬ್ಧದ ಮೂರನೆಯ ಒಂದು ಭಾಗವನ್ನು ತೆಗೆದುಕೊಂಡರೆ, ಸುಮಾರು 2.15 ಬರುತ್ತದೆ. ಸುಮಾರು 100 ಲೀಟರಿನಷ್ಟು ವ್ಯತ್ಯಾಸ! ಯಾರು ತಪ್ಪು? ಮಕ್ಕಳೊಡನೆ ಇದನ್ನು ಹುಡುಕುತ್ತ ಹೋದಾಗ ಗುಟ್ಟು ಹೊರಬಿತ್ತು. ಪೈಯ ಬೆಲೆಯನ್ನು ಸುಲಭಕ್ಕಾಗಿ 3 ಎಂದು ಇಟ್ಟುಕೊಂಡರೆ ಪಠ್ಯಪುಸ್ತಕದ ಸೂತ್ರವೇ ಲೀಲಾವತಿಯ ಸೂತ್ರವಾಗುತ್ತದೆ. ಕಣದಲ್ಲಿ ನಿಂತವನಿಗೆ ಅಷ್ಟು ಸಾಕು. ಪರೀಕ್ಷೆಯಲ್ಲಿ ಕುಳಿತವನಿಗೆ ಸಾಲದು. ಹತ್ತನೆಯ ತರಗತಿಯವರೇ, ಇದನ್ನು ನೀವು ಅಕ್ಷರಗಳಿಂದ ಸಾಧಿಸಿ ನೋಡಿರಿ. ಅರ್ಧ ಪುಟದ ಕೆಲಸ.

ಸಣ್ಣ ಉಪಕರಣಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಕೋನಮಾಪಕದ ನಡುವಿಗೆ ದಾರ ಕಟ್ಟಿ ಕಲ್ಲು ತೂಗಬಿಟ್ಟರೆ ಹುಣಸೆಮರದ ಎತ್ತರವನ್ನು ಅಳೆಯುವ ಯಂತ್ರವಾಯಿತು. ನಲವತ್ತೈದು ಅಂಶ ಬರುವ ಸ್ಥಳದಲ್ಲಿ ನಿಂತು, ಮರಕ್ಕಿರುವ ದೂರಕ್ಕೆ ತನ್ನ ಕಣ್ಣಿನ ಎತ್ತರವನ್ನು ಕೂಡಿಸಬೇಕು. ಈ ಕೊನೆಯದನ್ನು ಪ್ರತಿ ವರ್ಷವೂ ಅರ್ಧ ತರಗತಿ ಮರೆಯುತ್ತದೆ. ಹಲಗೆಯ ಮೇಲೆ ಎರಡೆರಡು ಸೆಂಟಿಮೀಟರಿಗೆ ಮೊಳೆ ಹೊಡೆದು ರಬ್ಬರು ಸುತ್ತು ಹಾಕಿದರೆ ಎಷ್ಟು ಬಗೆಯ ಬಹುಭುಜಗಳನ್ನಾದರೂ ಮಾಡಬಹುದು. ಒಳಗಿನ ಮೊಳೆಗಳ ಸಂಖ್ಯೆಗೆ ಅಂಚಿನ ಮೊಳೆಗಳ ಅರ್ಧವನ್ನು ಕೂಡಿಸಿ ಒಂದನ್ನು ಕಳೆದರೆ ವಿಸ್ತೀರ್ಣವು ಚೌಕಗಳ ಲೆಕ್ಕದಲ್ಲಿ ಬರುತ್ತದೆ. ಇದನ್ನು 1899ರಲ್ಲಿ ಪಿಕ್ ಎಂಬ ಗಣಿತಜ್ಞನು ಪ್ರಕಟಿಸಿದನು. ಅಜ್ಜಿಯರ ಬಳಿ ಹಳೆಯ ಸೇರು, ಅಚ್ಚೇರು, ಪಾವು, ಚಟಾಕುಗಳಿದ್ದರೆ ದಯಮಾಡಿ ಮಾರಬೇಡಿರಿ. ಅರ್ಧ, ಕಾಲು, ಹದಿನಾರನೆಯ ಒಂದು ಭಾಗ ಇವನ್ನು ಅಕ್ಕಿಯಲ್ಲಿ ಅಳೆದು ತೋರಿಸಬಲ್ಲ ಉಪಕರಣ ಬೇರೊಂದಿಲ್ಲ.

ಇಷ್ಟು ಕೈಯ ಉಪಕರಣಗಳ ಮಾತು. ಇನ್ನೊಂದು ಉಪಕರಣ ನಾಲಗೆಯದು. ಆ ರೈತರ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟದ್ದು. ಗಣಿತದಲ್ಲಿ ಪದವೂ ಒಂದು ಉಪಕರಣ. ಅದು ಮೊಂಡಾಗಿದ್ದರೆ ಎಷ್ಟು ಬುದ್ಧಿವಂತನಾದ ವಿದ್ಯಾರ್ಥಿಯೂ ಲೆಕ್ಕವನ್ನು ಕೊಯ್ಯಲಾರ. ನಮ್ಮ ಪುಸ್ತಕದಲ್ಲಿ ಲ.ಸಾ.ಅ. ಎಂದೂ ಮ.ಸಾ.ಅ. ಎಂದೂ ಎರಡು ಬರುತ್ತವೆ. ಮೊದಲನೆಯ 'ಅ' ಎಂದರೆ ಅಪವರ್ತ್ಯ, ಎರಡನೆಯ 'ಅ' ಎಂದರೆ ಅಪವರ್ತನ. ಒಂದು ಒತ್ತಕ್ಷರದಲ್ಲಿ ಅರ್ಥವೇ ತಿರುವುಮುರುವು. ಅದು ಸಾಲದೆಂಬಂತೆ, 'ಲಘುತ್ತಮ' ಎಂದು ಹೆಸರಿಟ್ಟುಕೊಂಡ ಉತ್ತರ ದೊಡ್ಡದು, 'ಮಹತ್ತಮ' ಎಂಬುದರ ಉತ್ತರ ಚಿಕ್ಕದು. 12 ಮತ್ತು 18ಕ್ಕೆ ಲ.ಸಾ.ಅ. 36, ಮ.ಸಾ.ಅ. 6. ಮಕ್ಕಳು ತಡವರಿಸಿದರೆ ಆಶ್ಚರ್ಯವೇನು? ತೆಲುಗಿನ ಪುಸ್ತಕದವರು ಇವನ್ನೇ ಕ.ಸಾ.ಗು. ಮತ್ತು ಗ.ಸಾ.ಭಾ. ಎನ್ನುತ್ತಾರೆ. 'ಗು' ಎಂದರೆ ಗುಣಿಜ, 'ಭಾ' ಎಂದರೆ ಭಾಜಕ. ಗುಣಿಸಿದರೆ ಬರುವುದು ಒಂದು, ಭಾಗಿಸುವುದು ಇನ್ನೊಂದು. ಈ ವಿಷಯದಲ್ಲಿ ಅವರ ಪದವೇ ಹರಿತವಾದುದೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ. ತೆಲುಗನ್ನು ಬಲ್ಲ ನಮ್ಮ ಮಕ್ಕಳು ಅದನ್ನು ನೆನಪಿಗಾಗಿ ಎರವಲು ಪಡೆಯಲಿ. ಒಬ್ಬನಿಗೆ 12 ದಿನಕ್ಕೊಮ್ಮೆ, ಇನ್ನೊಬ್ಬನಿಗೆ 18 ದಿನಕ್ಕೊಮ್ಮೆ ನೀರಿನ ಸರದಿ ಬಂದರೆ, ಇಂದು ಒಟ್ಟಿಗೆ ಬಂದದ್ದು ಮತ್ತೆ ಒಟ್ಟಿಗೆ ಬರುವುದು 36ನೆಯ ದಿನ. ಇದು ಗುಣಿಜದ ಲೆಕ್ಕ. 12 ಮೊಳ, 18 ಮೊಳದ ಎರಡು ಹಗ್ಗಗಳನ್ನು ಏನೂ ಉಳಿಯದಂತೆ ಸಮನಾದ ತುಂಡು ಮಾಡಬೇಕಾದರೆ ತುಂಡಿನ ಉದ್ದ ಹೆಚ್ಚೆಂದರೆ 6 ಮೊಳ. ಇದು ಭಾಜಕದ ಲೆಕ್ಕ.

ಹೀಗೆಯೇ ಲಂಬಕೋನ ತ್ರಿಭುಜದ ಅತ್ಯಂತ ಉದ್ದವಾದ ಬಾಹು ನಮ್ಮ ಪುಸ್ತಕದಲ್ಲಿ 'ವಿಕರ್ಣ'. ತೆಲುಗಿನಲ್ಲಿ ಅದು 'ಕರ್ಣಂ'. ನಮ್ಮಲ್ಲಿ 'ಕರ್ಣ' ಎಂದರೆ ಚತುರ್ಭುಜದ ಎದುರು ಮೂಲೆಗಳನ್ನು ಸೇರಿಸುವ ರೇಖೆ. ನಮ್ಮ 'ತ್ರಿಜ್ಯ' ಅಲ್ಲಿ 'ವ್ಯಾಸಾರ್ಧಂ'. ನಮ್ಮ 'ಸಮಾಂತರ ಶ್ರೇಢಿ' ಅಲ್ಲಿ 'ಅಂಕಶ್ರೇಢಿ'. ಇವನ್ನೆಲ್ಲ ನಾವು ಒಂದು ದೊಡ್ಡ ಹಾಳೆಯಲ್ಲಿ ಮೂರು ಅಂಕಣಗಳಾಗಿ ಬರೆದು ಬಾಗಿಲ ಪಕ್ಕದಲ್ಲಿ ಅಂಟಿಸಿದ್ದೇವೆ: ಒಂದರಲ್ಲಿ ಕನ್ನಡ, ಒಂದರಲ್ಲಿ ತೆಲುಗು, ಒಂದರಲ್ಲಿ ಇಂಗ್ಲಿಷ್. ಇಂಟರ್ಮೀಡಿಯೆಟ್ಟಿಗೆ ಹೋಗುವ ಮಗುವಿಗೆ ಮೊದಲ ತಿಂಗಳಲ್ಲಿ ಕಷ್ಟವಾಗುವುದು ಗಣಿತವಲ್ಲ, ಈ ಮೂರನೆಯ ಅಂಕಣ. ಹತ್ತನೆಯ ತರಗತಿಯ ವರ್ಷದಲ್ಲಿ ದಿನಕ್ಕೆ ಒಂದು ಸಾಲಿನಂತೆ ಓದಿಕೊಂಡರೆ ಆ ಕಷ್ಟ ಬಹುಮಟ್ಟಿಗೆ ತೀರುತ್ತದೆ. ತೀರಿಸಬೇಕಾದ ಹೊಣೆ ನಮ್ಮದು. ಇದನ್ನು ನಾವು ಹಿಂದೆ ಮಾಡಿರಲಿಲ್ಲ. ಆ ಸಭೆಯಲ್ಲಿ ಭಾಷಣದ ಬದಲು ಈ ಹಾಳೆಯನ್ನು ತೋರಿಸಬಹುದಾಗಿತ್ತು.

ಪದಗಳ ಮಾತು ಬಂದಾಗ ಒಂದು ಸ್ವಾರಸ್ಯವನ್ನು ಹೇಳದೆ ಬಿಡಲಾರೆವು. ಕಾಲೇಜಿನಲ್ಲಿ ಮಕ್ಕಳನ್ನು ಹೆದರಿಸುವ 'ಸೈನ್' ಎಂಬ ಇಂಗ್ಲಿಷ್ ಪದ ಮೂಲತಃ ನಮ್ಮ 'ಜ್ಯಾ' ಶಬ್ದದ ಸಂತಾನ. ಆರ್ಯಭಟಾದಿಗಳ 'ಜ್ಯಾ', 'ಜೀವಾ' ಎಂಬ ಪದ ಅರಬ್ಬಿಯಲ್ಲಿ 'ಜೀಬ' ಆಯಿತು. ಅದನ್ನು 'ಜೈಬ್' ಎಂದು ಓದಿಕೊಂಡವರು ಮಡಿಲು ಅಥವಾ ಬಾಗು ಎಂಬ ಅರ್ಥ ಹಚ್ಚಿ ಲ್ಯಾಟಿನ್ನಿನಲ್ಲಿ 'ಸೈನಸ್' ಎಂದು ಬರೆದರು. 'ತ್ರಿಜ್ಯ' ಎಂಬ ಪದದಲ್ಲಿ ಇರುವುದೂ ಅದೇ ಜ್ಯಾ. ಮೂರು ರಾಶಿಗಳ, ಎಂದರೆ 90 ಅಂಶಗಳ ಜ್ಯಾ ವೃತ್ತದ ತ್ರಿಜ್ಯಕ್ಕೆ ಸಮ. ಕನ್ನಡದಲ್ಲಿ ಓದಿದ ಮಗುವಿಗೆ ಸೈನ್ 90 ಎಂದರೆ 1 ಏಕೆಂಬುದು ಪದದೊಳಗೇ ಇದೆ.

ಗಣಿತವು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಲಾರದೆಂಬ ಭಯಕ್ಕೆ ನಮ್ಮ ನೆಲದ ಚರಿತ್ರೆಯೇ ಸಮಾಧಾನ ಹೇಳುತ್ತದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಅದನ್ನು ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮೊದಲಾದವನ್ನು ಕನ್ನಡದಲ್ಲಿಯೇ ಬರೆದನು. 1912ರಲ್ಲಿ ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಒಂದೇ ಲೆಕ್ಕ ನಾಲ್ಕು ಭಾಷೆಗಳಲ್ಲಿ ನಡೆಯಿತು. ಉತ್ತರ ಎಲ್ಲಿಯೂ ಬದಲಾಗಲಿಲ್ಲ.

ಮಹಾವೀರಾಚಾರ್ಯನ ಗ್ರಂಥದಲ್ಲಿ ನಮ್ಮ ತರಗತಿಗೆ ನೇರವಾಗಿ ಒದಗುವ ಒಂದು ಸಾಮಗ್ರಿಯೂ ಇದೆ. ಉತ್ತರವು ಎರಡು ಕಡೆಯಿಂದ ಓದಿದರೂ ಒಂದೇ ಆಗಿ, ಹಾರದಂತೆ ಕಾಣುವ ಗುಣಾಕಾರಗಳವು. 139ನ್ನು 109ರಿಂದ ಗುಣಿಸಿದರೆ 15151. 1,52,207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 2,79,94,681ನ್ನು 441ರಿಂದ ಗುಣಿಸಿದರೆ 12345654321. ಇವುಗಳ ಗುಣವೇನೆಂದರೆ, ಮಾಡಿದ್ದು ಸರಿಯೋ ತಪ್ಪೋ ಎಂದು ಉಪಾಧ್ಯಾಯರನ್ನು ಕೇಳಬೇಕಾಗಿಲ್ಲ. ಹಾರ ಕಡಿದಿದ್ದರೆ ಮಗುವಿಗೇ ಕಾಣುತ್ತದೆ. ಅದೇ ಆಚಾರ್ಯನು ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದು ಬರೆದಿದ್ದಾನೆ. ಅದು ತಪ್ಪು. ಹಾರವನ್ನು ಪೋಣಿಸಿದ ಕೈಯಿಂದಲೂ ತಪ್ಪು ಬರುವುದುಂಟೆಂದು ತಿಳಿದಾಗ, ಹಲಗೆಯ ಬಳಿಗೆ ಬರಲು ಅಂಜುವ ಮಕ್ಕಳಿಗೆ ಧೈರ್ಯ ಬರುವುದನ್ನು ನಾವು ಕಂಡಿದ್ದೇವೆ.

ಇನ್ನು ಪುನರಾವರ್ತನೆ. ಈ ವಿಷಯದಲ್ಲಿ ಮಕ್ಕಳೂ ಪೋಷಕರೂ ನಾವೂ ಕೂಡಿ ಒಂದು ಭ್ರಮೆಯಲ್ಲಿದ್ದೆವು. ಮಾಡಿದ ಲೆಕ್ಕವನ್ನು ಮತ್ತೆ ಮತ್ತೆ ಓದುವುದೇ ಪುನರಾವರ್ತನೆಯೆಂದು ತಿಳಿದಿದ್ದೆವು. ಓದಿದಾಗ ಎಲ್ಲವೂ ಗೊತ್ತಿರುವಂತೆಯೇ ತೋರುತ್ತದೆ. ಪುಸ್ತಕ ಮುಚ್ಚಿದರೆ ಕೈ ಓಡುವುದಿಲ್ಲ. ಇನ್ನೊಂದು ಅಭ್ಯಾಸ, ಒಂದೇ ಬಗೆಯ ಇಪ್ಪತ್ತು ಲೆಕ್ಕಗಳನ್ನು ಒಟ್ಟಿಗೆ ಮಾಡುವುದು. ಅಮೆರಿಕದ ರೋರರ್ ಮತ್ತು ಟೇಲರ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ನಾಲ್ಕು ಬಗೆಯ ಘನಾಕೃತಿಗಳ ಘನಫಲ ಕಂಡುಹಿಡಿಯುವುದನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕಲಿಸಿ, ಒಂದು ಗುಂಪಿಗೆ ಒಂದೊಂದು ಬಗೆಯನ್ನು ಒಟ್ಟೊಟ್ಟಾಗಿಯೂ, ಇನ್ನೊಂದು ಗುಂಪಿಗೆ ಎಲ್ಲವನ್ನೂ ಕಲಸಿಯೂ ಅಭ್ಯಾಸ ಮಾಡಿಸಿದರು. ಅಭ್ಯಾಸದ ಹೊತ್ತಿನಲ್ಲಿ ಒಟ್ಟೊಟ್ಟಾಗಿ ಮಾಡಿದವರದು ನೂರಕ್ಕೆ 89 ಸರಿ, ಕಲಸಿ ಮಾಡಿದವರದು 60. ಒಂದು ವಾರದ ನಂತರ ಪರೀಕ್ಷಿಸಿದಾಗ ಮೊದಲನೆಯವರದು 20, ಎರಡನೆಯವರದು 63. ಸಂಜೆ ಸುಲಭವಾಗಿ ಕಂಡದ್ದು ವಾರದಲ್ಲಿ ಹಾರಿಹೋಗಿತ್ತು. ಕಾರಣ ಸ್ಪಷ್ಟ: ಪರೀಕ್ಷೆಯಲ್ಲಿ ಯಾವ ಸೂತ್ರ ಬೇಕೆಂದು ಯಾರೂ ಹೇಳುವುದಿಲ್ಲ, ಅದನ್ನು ಆರಿಸುವುದೇ ಅರ್ಧ ಕೆಲಸ. ಒಂದೇ ಬಗೆಯ ಇಪ್ಪತ್ತು ಲೆಕ್ಕ ಮಾಡುವವನು ಆ ಅರ್ಧವನ್ನು ಅಭ್ಯಾಸವೇ ಮಾಡುವುದಿಲ್ಲ.

ಆದುದರಿಂದ ನಮ್ಮ ಹತ್ತನೆಯ ತರಗತಿಯಲ್ಲಿ ಒಂದು ಮಣ್ಣಿನ ಮಡಕೆಯನ್ನಿಟ್ಟಿದ್ದೇವೆ. ವರ್ಷದ ಮೊದಲಿನಿಂದ ಪಾಠವಾದಂತೆಲ್ಲ ಮಕ್ಕಳೇ ಪ್ರಶ್ನೆಗಳನ್ನು ಚೀಟಿಗಳಲ್ಲಿ ಬರೆದು ಅದರೊಳಗೆ ಹಾಕುತ್ತಾರೆ. ಯಾವ ಅಧ್ಯಾಯವೆಂದು ಬರೆಯಕೂಡದು. ಪ್ರತಿದಿನ ಕೊನೆಯ ಅವಧಿಯಲ್ಲಿ ಐದು ಚೀಟಿ ಎತ್ತಿ, ಪುಸ್ತಕ ಮುಚ್ಚಿ ಮಾಡಬೇಕು. ಒಂದು ಶ್ರೇಢಿಯದು, ಒಂದು ವೃತ್ತದ್ದು, ಒಂದು ಹೋದ ವರ್ಷದ ಬಹುಪದೋಕ್ತಿ, ಹೀಗೆ ಬರುತ್ತವೆ. ಮೊದಲ ತಿಂಗಳು ಮಕ್ಕಳು ಗೊಣಗಿದರು, ಅಂಕಗಳು ಇಳಿದವು, ನಮಗೂ ಸಂಶಯ ಬಂತು. ತಾಳ್ಮೆಯಿಂದ ಮುಂದುವರಿಸಿದೆವು. ಮಡಕೆಯ ಜೊತೆಗೆ ಪ್ರತಿಯೊಬ್ಬರಿಗೂ ಒಂದು 'ತಪ್ಪಿನ ಪುಸ್ತಕ' ಉಂಟು. ತಪ್ಪಾದ ಲೆಕ್ಕವನ್ನು ಅಳಿಸದೆ, ತಪ್ಪು ಹೊಕ್ಕ ಸಾಲಿಗೆ ಕೆಂಪು ಗೆರೆ ಎಳೆದು, ಅದು ಏಕೆ ತಪ್ಪೆಂದು ಒಂದು ವಾಕ್ಯ ಬರೆಯಬೇಕು. ಎಂಟು ದಿನ ಬಿಟ್ಟು ಅದನ್ನೇ ಮತ್ತೆ ಮಾಡಬೇಕು. ಕೆಲವು ಪುಸ್ತಕಗಳನ್ನು ತಿರುವಿದರೆ ಇಡೀ ವರ್ಷ ಒಂದೇ ತಪ್ಪು ವೇಷ ಬದಲಿಸಿ ಬರುವುದು ಕಾಣುತ್ತದೆ. ಆವರಣದ ಹಿಂದಿರುವ ಋಣಚಿಹ್ನೆ ಒಳಗಿನ ಎರಡನೆಯ ಪದಕ್ಕೆ ತಲುಪದೇ ಇರುವುದೇ ಅವುಗಳಲ್ಲಿ ಮುಖ್ಯವಾದುದು. ಇದನ್ನು ಯಾವ ಅಚ್ಚಾದ ಗೈಡೂ ಆ ಮಗುವಿಗೆ ಹೇಳಲಾರದು.

ಮೊಬೈಲಿನ ವಿಷಯವನ್ನು ಅನೇಕರು ಕೇಳುತ್ತಾರೆ. ಸರಕಾರದವರು 2017ರಲ್ಲಿ ಆರಂಭಿಸಿದ 'ದೀಕ್ಷಾ'ದಲ್ಲಿ ಕನ್ನಡದ ಗಣಿತ ಪಾಠಗಳಿವೆ. ಕರ್ನಾಟಕದ ಕನ್ನಡ ಪಠ್ಯಪುಸ್ತಕಗಳೂ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಅಧ್ಯಾಯಗಳ ಅನುಕ್ರಮವನ್ನು ನಮ್ಮ ಪುಸ್ತಕದೊಡನೆ ಹೋಲಿಸಿಕೊಂಡು ಬಳಸಿದರೆ ಅವು ಬಹಳ ಉಪಕಾರಿ, ವಿಶೇಷವಾಗಿ ಮಡಕೆಗೆ ಹೊಸ ಪ್ರಶ್ನೆಗಳನ್ನು ಒದಗಿಸುವುದಕ್ಕೆ. ಆದರೆ ಇನ್ನೊಬ್ಬರು ಲೆಕ್ಕ ಬಿಡಿಸುವುದನ್ನು ನೋಡುವುದು ಇನ್ನೊಬ್ಬರು ಈಜುವುದನ್ನು ದಡದಲ್ಲಿ ಕುಳಿತು ನೋಡಿದಂತೆ. ನೋಡಿದ ಮೇಲೆ ಮುಚ್ಚಿಟ್ಟು, ಅದೇ ಲೆಕ್ಕವನ್ನು ಬರಿಯ ಹಾಳೆಯಲ್ಲಿ ಮಾಡಬೇಕು.

ಪೋಷಕ ಮಹಾಶಯರಲ್ಲಿ ಒಂದೇ ಬಿನ್ನಹ. ನಮಗೆ ಲೆಕ್ಕ ಬಾರದು, ಮಗುವಿಗೆ ಹೇಗೆ ಹೇಳಿಕೊಡುವುದು ಎಂದು ಹಲವರು ಹಿಂಜರಿಯುತ್ತೀರಿ. ನೀವು ಹೇಳಿಕೊಡಬೇಕಾಗಿಲ್ಲ, ನಿಮಗೆ ಹೇಳಿಕೊಡಲು ಮಗುವನ್ನು ಕೇಳಿರಿ. ರಾತ್ರಿ ಊಟವಾದ ಮೇಲೆ, "ಇವತ್ತಿನ ಒಂದು ಲೆಕ್ಕ ನನಗೆ ತಿಳಿಯುವ ಹಾಗೆ ಹೇಳಮ್ಮಾ" ಎನ್ನಿರಿ. ಎಲ್ಲಿ ಮಗು ತಡೆದು, "ಅದು ಹಾಗೇ ಬರುತ್ತದೆ" ಎನ್ನುತ್ತದೆಯೋ ಅಲ್ಲಿ ಅದಕ್ಕೆ ತಿಳಿದಿಲ್ಲವೆಂದು ಅರ್ಥ. ಮರುದಿನ ಅದನ್ನು ನಮ್ಮ ಬಳಿ ಕೇಳಲು ಕಳುಹಿಸಿರಿ. ಭಾಷೆ ಮನೆಯ ಭಾಷೆಯೇ ಆಗಿರಲಿ, ಕನ್ನಡವೋ ತೆಲುಗೋ.

ಸಭೆಯಲ್ಲಿ ಪ್ರಶ್ನೆ ಕೇಳಿದ ರೈತರ ಮಗಳು ಈಗ ಹತ್ತನೆಯ ತರಗತಿಯಲ್ಲಿ ನಮ್ಮಲ್ಲಿಯೇ ಓದುತ್ತಿದ್ದಾಳೆ. ಕಳೆದ ಬೇಸಗೆಯಲ್ಲಿ ಅವಳು ಸರಪಳಿಯನ್ನು ಮನೆಗೆ ಒಯ್ದು, ತಂದೆಯವರೊಡನೆ ತಮ್ಮ ಓರೆಕೋರೆಯಾದ ಹೊಲವನ್ನು ನಾಲ್ಕು ತ್ರಿಭುಜಗಳಾಗಿ ಒಡೆದು ಅಳೆದಳು. ಅವಳ ಲೆಕ್ಕಕ್ಕೂ ಅಡಂಗಲಿನಲ್ಲಿರುವ ಅಂಕಿಗೂ ಮೂರು ಸೆಂಟು ವ್ಯತ್ಯಾಸ ಬಂತು. ತಪ್ಪು ಸರಪಳಿಯದೋ, ಬದುವಿನದೋ, ಗುಣಾಕಾರದ್ದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ತಂದೆಯವರು ಮತ್ತೊಮ್ಮೆ ಅಳೆಯಬೇಕೆಂದು ಎರಡು ಬಾರಿ ಶಾಲೆಗೆ ಬಂದು ಹೋದರು. ಆದುದರಿಂದ ಇತರ ಪೋಷಕರ ಗಮನಕ್ಕೆ: ಸರಪಳಿ ಒಂದೇ ಇದೆ. ಶನಿವಾರ ಶಾಲೆ ಬಿಟ್ಟ ಮೇಲೆ ಕೊಡಲಾಗುವುದು; ಸೋಮವಾರ ಬೆಳಗಿನ ಗಂಟೆಗೆ ಮೊದಲು, ನೂರು ಕೊಂಡಿಯನ್ನೂ ಎಣಿಸಿ ಹಿಂದಿರುಗಿಸತಕ್ಕದ್ದು.